ಚಿಲ್ಲರೆ ಗಳಿಕೆಗೂ ಲೆಕ್ಕವುಂಟು

ಕಲ್ಯಾಣದ ಬೀದಿಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತ ಸದ್ಭಕ್ತರೆಲ್ಲರಿಗೂ ತಿಳಿದದ್ದೇ ಆಗಿದೆ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮಾರಯ್ಯನವರು ಮನೆಗೆ ತಂದಾಗ, ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಿಕೊಳ್ಳದೆ, ಹೆಚ್ಚಾದುದನ್ನು ತಂದಲ್ಲಿಗೇ ಮರಳಿಸಿ ಬರುವಂತೆ ಪತಿಗೆ ತಿಳಿಹೇಳಿದರು. ಈ ಪ್ರಸಂಗವನ್ನು ಆಸೆಯ ನಿರಾಕರಣೆಯೆಂದು ವ್ಯಾಖ್ಯಾನಿಸುವುದು ರೂಢಿಯಲ್ಲಿದೆ. ಆ ವ್ಯಾಖ್ಯಾನ ಯುಕ್ತವೇ. ಆದರೆ ಅದರೊಳಗೆ ಅಡಗಿರುವ ಇನ್ನೊಂದು ಸಂಗತಿಯ ಕಡೆಗೆ ಗಮನ ಹರಿಯುವುದು ವಿರಳ. ಲಕ್ಕಮ್ಮನವರಿಗೆ ದಿನದ ಅಕ್ಕಿಯ ಅಳತೆ ಗೊತ್ತಿತ್ತು. ನೆಲದ ಮೇಲಿಂದ ಆಯ್ದ, ಯಾರೂ ಎಣಿಸದ, ಯಾರೂ ಬಂದು ಕೇಳದ ಅಕ್ಕಿಗೂ ಆ ಮನೆಯಲ್ಲಿ ಲೆಕ್ಕವಿತ್ತು. ಲೆಕ್ಕವಿಲ್ಲದಿದ್ದರೆ ಹೆಚ್ಚಾಯಿತೆಂಬುದು ತಿಳಿಯುವುದಾದರೂ ಹೇಗೆ?

ಇಂದಿನ ದಿನಮಾನಗಳಲ್ಲಿ ಅಂಥ ಅಕ್ಕಿ ಬೇರೊಂದು ಬೀದಿಯಲ್ಲಿ ಚೆಲ್ಲಿದೆ. ಅಂತರ್ಜಾಲದಲ್ಲಿ ಸಮೀಕ್ಷೆಯ ಪ್ರಶ್ನೆಗಳಿಗೆ ಉತ್ತರಿಸಿದರೆ, ಜಾಹೀರಾತು ನೋಡಿದರೆ, ಅಂಗಡಿಯ ರಸೀದಿಯ ಚಿತ್ರ ಕಳುಹಿಸಿದರೆ, ಸ್ನೇಹಿತರನ್ನು ಯಾವುದೋ ಆ್ಯಪಿಗೆ ಸೇರಿಸಿದರೆ ಅಂಕಗಳು ಜಮೆಯಾಗುತ್ತವೆ. ಅಂಕಗಳು ಒಂದು ಮಟ್ಟ ಮುಟ್ಟಿದ ಮೇಲೆ ಗಿಫ್ಟ್ ಕಾರ್ಡ್ ಆಗಿಯೋ, ಯುಪಿಐ ಮೂಲಕ ಬ್ಯಾಂಕ್ ಖಾತೆಗೆ ಹಣವಾಗಿಯೋ, ಪರದೇಶದ ಸಂಸ್ಥೆಯಾದರೆ ಪೇಪಾಲ್ ಮುಖಾಂತರ ಡಾಲರಾಗಿಯೋ ಕೈಸೇರುತ್ತವೆ. ಅಮೆಜಾನ್ ಸಂಸ್ಥೆಯು 2005ರಲ್ಲಿ ಆರಂಭಿಸಿದ ಮೆಕ್ಯಾನಿಕಲ್ ಟರ್ಕ್ ಎಂಬ ತಾಣದಲ್ಲಿ ಚಿತ್ರಗಳಿಗೆ ಹೆಸರು ಹಚ್ಚುವಂಥ ಪುಡಿಗೆಲಸಗಳನ್ನು ಮಾಡಿ ಸೆಂಟುಗಳ ಲೆಕ್ಕದಲ್ಲಿ ಸಂಪಾದಿಸುವವರಲ್ಲಿ ಭಾರತೀಯರು ಗಣನೀಯವಾಗಿದ್ದಾರೆ. ಗೂಗಲ್ ಒಪಿನಿಯನ್ ರಿವಾರ್ಡ್ಸ್ ಆಂಡ್ರಾಯ್ಡ್ ಫೋನಿನಲ್ಲಿ ಕೊಡುವುದಂತೂ ಹಣವೂ ಅಲ್ಲ. ಅದೇ ಸಂಸ್ಥೆಯ ಪ್ಲೇ ಅಂಗಡಿಯಲ್ಲಿ ಮಾತ್ರ ಚಲಾವಣೆಯಾಗುವ ಬಾಕಿ ಅದು. ಹೀಗೆ ತಿಂಗಳಿಗೆ ಇನ್ನೂರೋ ಐನೂರೋ ರೂಪಾಯಿ ಗಳಿಸುವ ವಿದ್ಯಾರ್ಥಿಗಳು, ಗೃಹಿಣಿಯರು, ನಿವೃತ್ತ ನೌಕರರು ಈಗ ಊರೂರಿನಲ್ಲಿಯೂ ಇದ್ದಾರೆ.

ಈ ಹಣವನ್ನು ಆದಾಯ ತೆರಿಗೆಯ ವಿವರಪಟ್ಟಿಯಲ್ಲಿ ತೋರಿಸಬೇಕೆ? ಪ್ರಶ್ನೆ ಕೇಳಿದವರನ್ನು ನೋಡಿ ನಗುವವರೇ ಹೆಚ್ಚು. ಕೋಟಿಗಟ್ಟಲೆ ಮುಚ್ಚಿಟ್ಟವರು ಆರಾಮವಾಗಿರುವಾಗ ಐನೂರು ರೂಪಾಯಿಗೆ ಲೆಕ್ಕವೇ ಎಂಬುದು ಅವರ ವಾದ. ಇನ್ನು ಕೆಲವರು ಕಾನೂನನ್ನೇ ಮುಂದೊಡ್ಡುತ್ತಾರೆ. ಮೂಲದಲ್ಲಿ ತೆರಿಗೆ ಕಡಿತವಾಗಿಲ್ಲ, ಆದ್ದರಿಂದ ಅದು ತೆರಿಗೆಗೆ ಒಳಪಡದು ಎಂದು ಒಬ್ಬರು, ವರ್ಷಕ್ಕೆ ರೂ. 50,000ದವರೆಗೆ ವಿನಾಯಿತಿಯುಂಟು ಎಂದು ಮತ್ತೊಬ್ಬರು.

ಈ ಎರಡು ಮಾತುಗಳೂ ನಿಲ್ಲುವಂಥವಲ್ಲ. ಮೂಲದಲ್ಲಿ ಕಡಿತ ಎಂಬುದು ತೆರಿಗೆ ವಸೂಲಿಯ ಒಂದು ವಿಧಾನ ಮಾತ್ರ. ಕಡಿತವಾಗಲಿಲ್ಲವೆಂದ ಮಾತ್ರಕ್ಕೆ ಆದಾಯವು ಆದಾಯವಲ್ಲದಾಗುವುದಿಲ್ಲ. ಐವತ್ತು ಸಾವಿರದ ಮಾತು ಹುಟ್ಟಿದ್ದು ಉಡುಗೊರೆಯ ನಿಯಮದಿಂದ. ಬಂಧುಗಳಲ್ಲದವರಿಂದ ಪ್ರತಿಫಲವಿಲ್ಲದೆ ಬಂದ ಹಣ ವರ್ಷದಲ್ಲಿ ಒಟ್ಟು ರೂ. 50,000 ಮೀರದಿದ್ದರೆ ಅದಕ್ಕೆ ತೆರಿಗೆಯಿಲ್ಲ. ಮೀರಿದರೆ ಮೀರಿದಷ್ಟಕ್ಕಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಇಲ್ಲಿ ‘ಪ್ರತಿಫಲವಿಲ್ಲದೆ’ ಎಂಬ ಪದವೇ ನಿರ್ಣಾಯಕ. ಅರ್ಧ ಗಂಟೆ ಕುಳಿತು ನಲವತ್ತು ಪ್ರಶ್ನೆಗಳಿಗೆ ಉತ್ತರ ಬರೆದುಕೊಟ್ಟವನಿಗೆ ಬಂದ ಹಣವನ್ನು ಉಡುಗೊರೆಯೆನ್ನುವುದು ಅವನ ದುಡಿಮೆಗೇ ಅವಮಾನ. ಅದು ಕೂಲಿ. ಕೂಲಿಯನ್ನು ಕೂಲಿಯೆಂದೇ ಕರೆಯುವುದರಲ್ಲಿ ಕಾಯಕಜೀವಿಗೆ ಸಂಕೋಚವಿರಬೇಕಾದ ಕಾರಣವಿಲ್ಲ.

ಹಳ್ಳಿಗಳ ಕಡೆ ಮೂರನೆಯ ಸಲಹೆಯೊಂದು ಚಾಲ್ತಿಯಲ್ಲಿದೆ. ಹೊಲವಿದ್ದವರು ಇಂಥ ಬಿಡಿ ಆದಾಯಗಳನ್ನೆಲ್ಲ ಕೃಷಿ ಆದಾಯದ ಸಾಲಿಗೆ ಸೇರಿಸಿಬಿಟ್ಟರೆ ತೆರಿಗೆಯ ತಂಟೆಯಿಲ್ಲ ಎಂಬುದು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲವೆಂಬುದು ನಿಜ. ಆದರೆ ಹೊಲದ ಬದುವಿನ ಮೇಲೆ ಕುಳಿತು ಉತ್ತರಿಸಿದರೂ ಸಮೀಕ್ಷೆ ಬೆಳೆಯಾಗದು.

ಹಾಗಾದರೆ ಇಷ್ಟು ಸಣ್ಣ ಮೊತ್ತವನ್ನು ಕಾನೂನು ನಿಜವಾಗಿಯೂ ಗಮನಿಸುತ್ತದೆಯೆ? ಭಾರತದಲ್ಲಿ ಆದಾಯ ತೆರಿಗೆಯನ್ನು 1860ರಲ್ಲಿ ಜೇಮ್ಸ್ ವಿಲ್ಸನ್ ಜಾರಿಗೆ ತಂದಾಗ ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವುಳ್ಳವರನ್ನು ಹೊರಗಿಡಲಾಗಿತ್ತು. ಬಡವನ ಗಂಜಿಗೆ ಕೈಹಾಕಬಾರದೆಂಬ ವಿವೇಕ ಅಂದಿನಿಂದಲೂ ಒಂದಲ್ಲ ಒಂದು ರೂಪದಲ್ಲಿ ಉಳಿದುಬಂದಿದೆ. ಆದರೆ ಆ ವಿನಾಯಿತಿ ಇರುವುದು ವ್ಯಕ್ತಿಯ ಒಟ್ಟು ಆದಾಯಕ್ಕೇ ಹೊರತು ಆದಾಯದ ಒಂದೊಂದು ಬಿಡಿ ಮೂಲಕ್ಕಲ್ಲ. ಇದನ್ನು ತಿಳಿಯಲು 1961ರ ಕಾಯ್ದೆಯ ಒಂದು ಪುಟ್ಟ ನಿಯಮ ಸಾಕು. ಒಟ್ಟು ಆದಾಯವನ್ನು ಅತ್ಯಂತ ಸಮೀಪದ ಹತ್ತು ರೂಪಾಯಿಗೆ ಸರಿಹೊಂದಿಸಬೇಕೆಂದು ಅದು ಹೇಳುತ್ತದೆ. ಅಂದರೆ ಕಾನೂನು ಕಣ್ಣುಮುಚ್ಚುವುದು ಐದು ರೂಪಾಯಿಯ ಒಳಗಿನ ವ್ಯತ್ಯಾಸಕ್ಕೆ ಮಾತ್ರ. ಅಂಕಗಳನ್ನು ಕೂಡಿಹಾಕಿ ಪಡೆದ ಐನೂರು ರೂಪಾಯಿಯ ಗಿಫ್ಟ್ ಕಾರ್ಡ್ ಆ ಕಿಂಡಿಯಲ್ಲಿ ನುಸುಳಲಾರದು. ಹಣದ ಬದಲು ಕಾರ್ಡು ಬಂತೆಂಬುದೂ ಕಾರಣವಾಗದು; ದುಡಿಮೆಗೆ ಧಾನ್ಯ ಕೊಟ್ಟರೂ ಅದು ಕೂಲಿಯೇ ತಾನೆ?

ಎಲ್ಲ ಪ್ರೋತ್ಸಾಹಧನವೂ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಸ್ವಂತ ಬಳಕೆಗೆ ಸಾಮಾನು ಕೊಂಡಾಗ ಹಿಂದಿರುಗಿ ಬರುವ ಕ್ಯಾಶ್‌ಬ್ಯಾಕ್ ಸಾಮಾನ್ಯವಾಗಿ ಬೆಲೆಯಲ್ಲಿ ಬಿಟ್ಟ ರಿಯಾಯಿತಿಯೇ ಹೊರತು ಗಳಿಕೆಯಲ್ಲ. ಸಾವಿರ ರೂಪಾಯಿಯ ಸೀರೆಗೆ ಅಂಗಡಿಯವನು ಐವತ್ತು ಬಿಟ್ಟರೆ ಅದನ್ನು ಆದಾಯವೆಂದು ಯಾರೂ ಬರೆಯುವುದಿಲ್ಲ, ಇದೂ ಹಾಗೆಯೇ. ಸಮೀಕ್ಷೆ, ಪುಡಿಗೆಲಸ, ಸ್ನೇಹಿತರನ್ನು ಸೇರಿಸಿದ್ದಕ್ಕೆ ಸಿಗುವ ಹಣ ಇವು ಗಳಿಕೆ. ಅಪರೂಪಕ್ಕೆ ಬರುವವರ ಪಾಲಿಗೆ ಇವು ‘ಇತರ ಮೂಲಗಳ ಆದಾಯ’ದ ತಲೆಬರಹದಡಿ ಸೇರುತ್ತವೆ. ಅದನ್ನೇ ನಿತ್ಯದ ಉದ್ಯೋಗವಾಗಿ ಮಾಡಿಕೊಂಡವರು ವ್ಯಾಪಾರ ಅಥವಾ ವೃತ್ತಿಯ ಆದಾಯವೆಂದು ತೋರಿಸಬೇಕಾಗುವುದರಿಂದ ಲೆಕ್ಕಪರಿಶೋಧಕರನ್ನು ಕಾಣುವುದು ಲೇಸು.

ಮೂರನೆಯ ಬಗೆಯೊಂದಿದೆ, ಅದೇ ಗೆಲುವಿನ ಹಣ. ಅದೃಷ್ಟದ ಚೀಟಿ, ಲಾಟರಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಇವುಗಳಿಂದ ಬಂದದ್ದಕ್ಕೆ ಕಾನೂನು ಯಾವ ದಾಕ್ಷಿಣ್ಯವನ್ನೂ ತೋರಿಸಿಲ್ಲ. ಶೇಕಡಾ 30ರ ತೆರಿಗೆ, ಅದರ ಮೇಲೆ ಶೇಕಡಾ 4ರ ಸೆಸ್. ಕನಿಷ್ಠ ಆದಾಯದ ವಿನಾಯಿತಿ ಇದಕ್ಕೆ ತಾಗದು, ಹೊಸ ಪದ್ಧತಿಯಲ್ಲಿ ರಿಬೇಟೂ ಸಿಗದು. ಬೇರೆ ಆದಾಯವೇ ಇಲ್ಲದ ವಿದ್ಯಾರ್ಥಿಯೊಬ್ಬ ಹೀಗೆ ರೂ. 5,000 ಗೆದ್ದರೂ ರೂ. 1,560 ಸರ್ಕಾರಕ್ಕೆ ಸಲ್ಲಬೇಕು. ಅದೇ ವಿದ್ಯಾರ್ಥಿ ಸಮೀಕ್ಷೆಗಳಿಗೆ ಉತ್ತರಿಸಿ ರೂ. 5,000 ಗಳಿಸಿದ್ದರೆ ಅವನು ಕೊಡಬೇಕಾದದ್ದು ಏನೂ ಇಲ್ಲ. ಆನ್‌ಲೈನ್ ಆಟಗಳ ಗೆಲುವಿಗೆ 2023ರ ಏಪ್ರಿಲ್‌ನಿಂದ ಪ್ರತ್ಯೇಕ ನಿಯಮವೇ ಬಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ದುಡಿದದ್ದಕ್ಕೂ ಗೆದ್ದದ್ದಕ್ಕೂ ನಡುವೆ ಕಾಯಕದ ದೃಷ್ಟಿಯಿಂದ ಇರುವ ಭೇದವನ್ನು ತೆರಿಗೆಯ ಕಾಯ್ದೆಯೂ ತನ್ನದೇ ಕಾರಣಗಳಿಗಾಗಿ ಒಪ್ಪಿಕೊಂಡಿರುವುದು ಗಮನಾರ್ಹ.

ಗೆಲುವಿನ ಮಾತು ಬಿಟ್ಟರೆ, ಬಹುಪಾಲು ಜನರಿಗೆ ಈ ಘೋಷಣೆಯಿಂದ ಒಂದು ಪೈಸೆಯ ಹೊರೆಯೂ ಬೀಳದು. 2025-26ರ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ 4 ಲಕ್ಷ ರೂಪಾಯಿಯವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಒಟ್ಟು ಆದಾಯ 12 ಲಕ್ಷ ಮೀರದವರಿಗೆ ರೂ. 60,000ದವರೆಗೆ ರಿಬೇಟ್ ದೊರೆತು ತೆರಿಗೆ ಸೊನ್ನೆಯಾಗುತ್ತದೆ. ಸಮೀಕ್ಷೆಯ ಒಂಬತ್ತು ಸಾವಿರವೊಂದೇ ಆದಾಯವಾಗಿರುವ ಗೃಹಿಣಿ ಆ ಕಾರಣಕ್ಕಾಗಿ ವಿವರಪಟ್ಟಿಯನ್ನೇ ಸಲ್ಲಿಸಬೇಕಾಗಿಲ್ಲ. ಏಳೆಂಟು ಲಕ್ಷ ವೇತನದ ನೌಕರನು ಅದೇ ಒಂಬತ್ತು ಸಾವಿರವನ್ನು ಒಂದು ಸಾಲಿನಲ್ಲಿ ಬರೆದರೆ ಕೆಲಸ ಮುಗಿಯಿತು. ತೆರಿಗೆ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ಖರ್ಚಿಲ್ಲದ ಸತ್ಯವನ್ನೂ ಹೇಳಲು ಹಿಂಜರಿಯುವುದು ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ಆದರೆ ಸತ್ಯಕ್ಕೆ ಖರ್ಚು ಬೀಳುವ ಒಂದು ಸಂದರ್ಭವಿದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ. ವರ್ಷಕ್ಕೆ ರೂ. 12,75,000 ವೇತನವಿರುವ ಅಧ್ಯಾಪಕರೊಬ್ಬರನ್ನು ಊಹಿಸಿಕೊಳ್ಳಬಹುದು. ರೂ. 75,000ದ ಪ್ರಮಾಣಿತ ಕಡಿತ ಕಳೆದರೆ ಅವರ ಆದಾಯ ಸರಿಯಾಗಿ 12 ಲಕ್ಷ; ತೆರಿಗೆ ಸೊನ್ನೆ. ಅವರು ಬಿಡುವಿನ ವೇಳೆಯಲ್ಲಿ ಸಮೀಕ್ಷೆಗಳಿಂದ ರೂ. 6,000 ಗಳಿಸಿದ್ದಾರೆ. ಅದನ್ನು ಬರೆದ ಕೂಡಲೇ ಆದಾಯ ರೂ. 12,06,000 ಆಗಿ ರಿಬೇಟ್ ಕೈತಪ್ಪುತ್ತದೆ. ಪಟ್ಟಿಯ ಪ್ರಕಾರ ತೆರಿಗೆ ರೂ. 60,900. ಗಡಿಯಲ್ಲಿರುವವರಿಗೆಂದು ಕಾನೂನು ಕೊಡುವ ಅಂಚಿನ ಪರಿಹಾರದಿಂದ ಅದು 12 ಲಕ್ಷ ಮೀರಿದ ಮೊತ್ತಕ್ಕೆ, ಅಂದರೆ ರೂ. 6,000ಕ್ಕೆ, ಇಳಿಯುತ್ತದೆ. ಅದರ ಮೇಲೆ ಸೆಸ್ ರೂ. 240. ಆರು ಸಾವಿರ ಗಳಿಸಿದ್ದಕ್ಕೆ ಆರು ಸಾವಿರದ ಇನ್ನೂರನಲವತ್ತು ಕೊಡಬೇಕು! ಬರೆಯದಿದ್ದರೆ ಒಂದು ರೂಪಾಯಿಯೂ ಇಲ್ಲ. ಮನೆಯವರೇ ಬೇಡವೆನ್ನಬಹುದು. ತೆರಿಗೆ ಸಲಹೆಗಾರನೂ ಕಣ್ಣುಮಿಟುಕಿಸಬಹುದು.

ಇಂಥ ಅಧ್ಯಾಪಕರಿಗೆ ಆಗುವುದು ಅನ್ಯಾಯವೆಂದರೆ ತಪ್ಪಾಗಲಾರದು. ಕಾನೂನಿನ ಅಂಚು ಅಲ್ಲಿ ಬಹಳ ಹರಿತವಾಗಿದೆ. ಬ್ರಿಟನ್ನಿನಲ್ಲಿ 2017ರ ಏಪ್ರಿಲ್‌ನಿಂದ ವರ್ಷಕ್ಕೆ 1,000 ಪೌಂಡ್‌ವರೆಗಿನ ಬಿಡಿ ವ್ಯಾಪಾರದ ಗಳಿಕೆಗೆ ವಿನಾಯಿತಿಯುಂಟು. ಅಂಥ ಒಂದು ಸಣ್ಣ ಗಡಿಯನ್ನು ಭಾರತದಲ್ಲಿಯೂ ಇಟ್ಟರೆ ಜನರಿಗೂ ಇಲಾಖೆಗೂ ಶ್ರಮ ಉಳಿದೀತು. ಅದಕ್ಕಾಗಿ ಕೇಳಬಹುದು, ಬರೆಯಬಹುದು, ಜನಪ್ರತಿನಿಧಿಗಳ ಗಮನಕ್ಕೆ ತರಬಹುದು. ಆದರೆ ಕೇಳುವುದು ಬೇರೆ, ತನಗೆ ತಾನೇ ವಿನಾಯಿತಿ ಮಂಜೂರು ಮಾಡಿಕೊಳ್ಳುವುದು ಬೇರೆ. ಆ ಅಧ್ಯಾಪಕರು ತರಗತಿಯಲ್ಲಿ ಶರಣರ ಕಾಯಕನಿಷ್ಠೆಯನ್ನು ಬೋಧಿಸುವವರಾಗಿದ್ದರಂತೂ ಆ ಇನ್ನೂರನಲವತ್ತು ರೂಪಾಯಿ ಅವರ ಪಾಠದ ಬೆಲೆಯೆಂದೇ ತಿಳಿಯಬೇಕಾಗುತ್ತದೆ. ಗಡಿಯ ಹತ್ತಿರವಿರುವವರು ಮುಂದಿನ ವರ್ಷ ಅಂಥ ಕೆಲಸವನ್ನೇ ಬಿಟ್ಟುಬಿಡುವುದಕ್ಕೂ ಸ್ವತಂತ್ರರು. ಅದು ವಿವೇಕವೇ ಹೊರತು ವಂಚನೆಯಲ್ಲ.

ಪರದೇಶದಲ್ಲಿ ನೆಲೆಸಿದ ಭಕ್ತರು ಬ್ರಿಟನ್ನಿನ ನಿಯಮವನ್ನು ಬೇರೆ ದೇಶಕ್ಕೆ ಹಚ್ಚಬಾರದು. ಅಮೆರಿಕದಲ್ಲಿ ಸಂಸ್ಥೆಗಳು 1099 ನಮೂನೆ ಕೊಡಬೇಕಾದ ಮಿತಿ 2026ರಿಂದ ಆಗುವ ಪಾವತಿಗಳಿಗೆ 600 ಡಾಲರಿನಿಂದ 2,000 ಡಾಲರಿಗೆ ಏರಿದೆ. ಅದರ ಅರ್ಥ ಎರಡು ಸಾವಿರದ ಕೆಳಗಿನ ಗಳಿಕೆ ತೆರಿಗೆಯಿಂದ ಮುಕ್ತವೆಂದಲ್ಲ. ನಮೂನೆ ಬರಲಿ ಬಾರದಿರಲಿ ಅಲ್ಲಿ ಆದಾಯ ಆದಾಯವೇ. ಸ್ವಯಂ ಉದ್ಯೋಗದ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಪ್ರತ್ಯೇಕ ತೆರಿಗೆಯೂ ಇದೆ.

ಭಾರತದಲ್ಲಿಯೂ ‘ಕಾಗದ ಬಂದರೆ ಮಾತ್ರ ಆದಾಯ’ ಎಂಬ ಭಾವನೆ ಬಲವಾಗಿದೆ. ಆದಾಯ ತೆರಿಗೆ ಇಲಾಖೆಯು 2021ರ ನವೆಂಬರ್‌ನಿಂದ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ತನ್ನ ತಾಣದಲ್ಲಿ ಒದಗಿಸುತ್ತಿದೆ. ಬ್ಯಾಂಕ್ ಬಡ್ಡಿ, ಲಾಭಾಂಶ, ಷೇರು ವ್ಯವಹಾರ ಮೊದಲಾದವು ಅದರಲ್ಲಿ ಕಾಣಿಸುತ್ತವೆ. ಸಮೀಕ್ಷೆಯ ಪುಡಿಗಾಸು, ಗಿಫ್ಟ್ ಕಾರ್ಡ್ ಸಾಮಾನ್ಯವಾಗಿ ಅದರಲ್ಲಿ ಬಾರವು. ಪಟ್ಟಿಯಲ್ಲಿ ಇರುವುದನ್ನು ಒಪ್ಪಿಕೊಳ್ಳುವುದು ದೊಡ್ಡ ಮಾತೇನಲ್ಲ, ಸಿಕ್ಕಿಬಿದ್ದವನೂ ಒಪ್ಪಿಕೊಳ್ಳುತ್ತಾನೆ. ಇಲಾಖೆಗೆ ಗೊತ್ತಿಲ್ಲದ, ಮುಂದೆಯೂ ಗೊತ್ತಾಗದಿರಬಹುದಾದ ಮೊತ್ತವನ್ನು ಬರೆಯುವಾಗ ಮಾತ್ರ ಬರೆಯುವವನ ಕೈ ಒಂದು ಕ್ಷಣ ತಡೆಯುತ್ತದೆ. ಬೀದಿಯಲ್ಲಿ ಬಿದ್ದ ಅಕ್ಕಿಗೆ ಕಾವಲುಗಾರನಿರಲಿಲ್ಲ ಎಂಬುದು ಇಲ್ಲಿ ನೆನಪಾಗಬೇಕು.

ಈ ಲೆಕ್ಕದಿಂದ ತೆರಿಗೆಗೆ ಸಂಬಂಧವಿಲ್ಲದ ಇನ್ನೊಂದು ರಕ್ಷಣೆಯೂ ಉಂಟು. ವಾಸ್ತವವಾಗಿ ಅದೇ ಹೆಚ್ಚು ತುರ್ತಿನದು. ಆದಾಯವನ್ನು ಘೋಷಿಸಬೇಕಾದರೆ ಅದು ಯಾರಿಂದ ಬಂತು, ಯಾವುದಕ್ಕಾಗಿ ಬಂತು ಎಂದು ಬರೆದಿಟ್ಟಿರಬೇಕು. ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಹಣ ಇಂದು ಜನರ ಖಾತೆಗೆ ಬಂದು ಬೀಳುತ್ತಿದೆ. ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಂನಲ್ಲಿ ಅಪರಿಚಿತರಿಂದ ಸಂದೇಶ ಬರುತ್ತದೆ. ವೀಡಿಯೊಗೆ ಮೆಚ್ಚುಗೆ ಒತ್ತಿ, ಹೋಟೆಲಿಗೆ ಒಳ್ಳೆಯ ಅಭಿಪ್ರಾಯ ಬರೆಯಿರಿ, ಮನೆಯಲ್ಲಿಯೇ ಕುಳಿತು ಸಂಪಾದಿಸಿ ಎಂಬ ಆಹ್ವಾನ. ಮೊದಲು ನೂರೈವತ್ತೋ ಇನ್ನೂರೋ ರೂಪಾಯಿ ನಿಜವಾಗಿಯೇ ಖಾತೆಗೆ ಬರುತ್ತದೆ. ನಂಬಿಕೆ ಕುದುರಿದ ಮೇಲೆ ಹೆಚ್ಚಿನ ಕೆಲಸ ಬೇಕಾದರೆ ಮುಂಗಡ ಕಟ್ಟಬೇಕೆನ್ನುತ್ತಾರೆ. ಕಟ್ಟಿದ ಹಣ ಪರದೆಯ ಮೇಲೆ ಬೆಳೆಯುತ್ತದೆ, ಕೈಗೆ ಬರುವುದಿಲ್ಲ. ಹೊರತೆಗೆಯಲು ಇನ್ನಷ್ಟು ಕಟ್ಟಿ ಎಂಬ ಮಾತು ಬರುವ ಹೊತ್ತಿಗೆ ಉಳಿತಾಯವೆಲ್ಲ ಹೋಗಿರುತ್ತದೆ. ಕೇಂದ್ರ ಗೃಹ ಸಚಿವಾಲಯದ ಶಿಫಾರಸಿನ ಮೇರೆಗೆ 2023ರ ಡಿಸೆಂಬರ್‌ನಲ್ಲಿ ಇಂಥ ನೂರಕ್ಕೂ ಹೆಚ್ಚು ತಾಣಗಳನ್ನು ನಿರ್ಬಂಧಿಸಲಾಯಿತು. ಆದರೂ ಹೊಸ ಹೆಸರುಗಳಲ್ಲಿ ಅವು ಹುಟ್ಟುತ್ತಲೇ ಇವೆ.

ಇದರಲ್ಲಿ ಇನ್ನೊಂದು ಅಪಾಯವಿದೆ. ಮೊದಲಿಗೆ ಬಂದ ಆ ಇನ್ನೂರು ರೂಪಾಯಿ ಕಳುಹಿಸಿದ್ದು ಯಾವ ಸಂಸ್ಥೆಯೂ ಅಲ್ಲ. ಪಾಸ್‌ಬುಕ್ ತೆರೆದು ನೋಡಿದರೆ ಅಲ್ಲಿ ಯಾರೋ ಅಪರಿಚಿತ ವ್ಯಕ್ತಿಯ ಹೆಸರಿರುತ್ತದೆ. ಅದು ಹಾಗೆಯೇ ಮೋಸಹೋದ ಇನ್ನೊಬ್ಬರ ಹಣವಿರಬಹುದು. ಅಂಥ ಹಣ ಹಾದುಹೋದ ಖಾತೆಗಳನ್ನು ಪೊಲೀಸರ ಸೂಚನೆಯಂತೆ ಬ್ಯಾಂಕುಗಳು ತಡೆಹಿಡಿಯುತ್ತವೆ. ಆಗ ಪಿಂಚಣಿಯೂ ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಇನ್ನೂರು ರೂಪಾಯಿ ಬಂದ ದಿನವೇ ‘ಕೊಟ್ಟವರು’ ಎಂಬ ಅಂಕಣದಲ್ಲಿ ಹೆಸರು ಬರೆಯಲು ಕುಳಿತವರಿಗೆ ಅಲ್ಲಿಯೇ ಅನುಮಾನ ಹುಟ್ಟುತ್ತದೆ. ಹೆಸರು ಬರೆಯಲಾಗದ ಹಣವನ್ನು ಮುಟ್ಟಬಾರದು. ಈಗಾಗಲೇ ಮೋಸಹೋದವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬೇಕು. ಹಣ ಕೈದಾಟಿಹೋಗುವ ಮುನ್ನ ತಡೆಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿಯೇ ಹೆಚ್ಚು.

ಲೆಕ್ಕದ ಪುಸ್ತಕ ದೊಡ್ಡದೇನೂ ಬೇಕಾಗಿಲ್ಲ. ದಿನಸಿ ಲೆಕ್ಕ ಬರೆಯುವ ವಹಿಯ ಕೊನೆಯ ಪುಟವೇ ಸಾಕು. ದಿನಾಂಕ, ಕೊಟ್ಟವರು, ಕೆಲಸ, ಮೊತ್ತ. ಡಾಲರಿನಲ್ಲಿ ಬಂದಿದ್ದರೆ ಡಾಲರೂ ರೂಪಾಯಿಯೂ. ಇದರ ಜೊತೆಗೆ ಹಿಡಿದ ಸಮಯವನ್ನೂ ಬರೆಯುವುದೊಳಿತು. ತೆರಿಗೆಯವರು ಅದನ್ನು ಕೇಳುವುದಿಲ್ಲ, ಆದರೆ ವರ್ಷದ ಕೊನೆಗೆ ಅದೇ ಹೆಚ್ಚು ಮಾತಾಡುತ್ತದೆ. ಮುನ್ನೂರು ಗಂಟೆ ಕುಳಿತು ಆರು ಸಾವಿರ ಗಳಿಸಿದ್ದರೆ ಗಂಟೆಗೆ ಇಪ್ಪತ್ತು ರೂಪಾಯಿ ಬಿತ್ತು. ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳ ಕೂಲಿಗೂ ಅದು ಸಾಟಿಯಲ್ಲ. ಅಂಕಗಳಲ್ಲಿ ಹಣ ಕೊಡುವ ತಾಣಗಳು ರೂಪಾಯಿಯ ಲೆಕ್ಕವನ್ನು ಮರೆಸುವಂತೆಯೇ ರಚಿತವಾಗಿವೆ. ಮೂರು ಸಾವಿರ ಅಂಕ ಎಂದಾಗ ಆಗುವ ಹಿಗ್ಗು ಮೂವತ್ತು ರೂಪಾಯಿ ಎಂದಾಗ ಆಗದು. ಅದನ್ನು ರೂಪಾಯಿಗೆ ಇಳಿಸಿ ಬರೆದ ಮೇಲೂ ಮುಂದುವರಿಯಬೇಕೆನಿಸಿದರೆ ಮುಂದುವರಿಯಬಹುದು. ಕಾಲು ಸೋತು ಮನೆಯಲ್ಲಿ ಕುಳಿತ ಹಿರಿಯರೊಬ್ಬರಿಗೆ ಅದೇ ಒಂದು ನೆಮ್ಮದಿಯ ಕೆಲಸವಾಗಿರಬಹುದು. ಅದನ್ನು ಹೀಗಳೆಯುವುದು ಸಲ್ಲ.

ವಿವರಪಟ್ಟಿ ತುಂಬುವ ವಿಚಾರ ಸರಳವಾದದ್ದು. ವೇತನದಾರರೂ ಪಿಂಚಣಿದಾರರೂ ಬಳಸುವ ಐಟಿಆರ್-1 ಸಹಜ್ ನಮೂನೆಯಲ್ಲಿಯೇ ಇತರ ಮೂಲಗಳ ಆದಾಯಕ್ಕೆ ಜಾಗವಿದೆ. ಅಲ್ಲಿ ಬಡ್ಡಿಯ ಕೆಳಗೆ ‘ಇತರೆ’ ಎಂದು ಆಯ್ದು, ಕೆಲಸದ ಹೆಸರನ್ನೂ ವರ್ಷದ ಒಟ್ಟು ಮೊತ್ತವನ್ನೂ ಬರೆಯಬಹುದು. ಲಾಟರಿ ಅಥವಾ ಆನ್‌ಲೈನ್ ಆಟದ ಗೆಲುವಿದ್ದರೆ ಮಾತ್ರ ಸಹಜ್ ನಮೂನೆ ನಡೆಯದು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದ್ದು, ಕಲಮುಗಳ ಸಂಖ್ಯೆ ಬದಲಾಗಿ ‘ತೆರಿಗೆ ವರ್ಷ’ ಎಂಬ ಹೊಸ ಹೆಸರು ಬಂದಿದೆ. 2025-26ರ ಆದಾಯದ ವಿವರಪಟ್ಟಿ ಹಳೆಯ ಕಾಯ್ದೆಯ ಪ್ರಕಾರವೇ ಸಲ್ಲುತ್ತದೆ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋದದ್ದರಿಂದ ತೆರಿಗೆ ಬಾಕಿ ಉಳಿದಿದ್ದರೆ, ನವೀಕೃತ ವಿವರಪಟ್ಟಿಯಾದ ಐಟಿಆರ್-ಯು ಸಲ್ಲಿಸಲು 2025ರ ತಿದ್ದುಪಡಿಯಂತೆ ನಾಲ್ಕು ವರ್ಷಗಳವರೆಗೆ ಅವಕಾಶವಿದೆ. ತಡವಾದಷ್ಟೂ ಅದರ ಮೇಲಿನ ಹೆಚ್ಚುವರಿ ತೆರಿಗೆ ಏರುತ್ತದೆ.

ಉಳಿದಿರುವುದು ಹೆಸರಿನ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಸಮೀಕ್ಷೆಗೆ ಉತ್ತರಿಸುವವಳು ಸೊಸೆ ಅಥವಾ ಕಾಲೇಜಿಗೆ ಹೋಗುವ ಮಗಳು. ಖಾತೆ ಮತ್ತು ಪ್ಯಾನ್ ಮಾತ್ರ ಮನೆಯ ಯಜಮಾನರದು. ಆಗ ಆ ಹಣ ಯಜಮಾನರ ಆದಾಯದಂತೆ ತೋರಿ, ಅವರು ಮೇಲಿನ ಅಧ್ಯಾಪಕರಂತೆ ಗಡಿಯಲ್ಲಿದ್ದರೆ ಅವರಿಗೇ ತೆರಿಗೆಯ ಪ್ರಶ್ನೆ ಎದುರಾಗುತ್ತದೆ. ದುಡಿದವಳ ಹೆಸರಂತೂ ಎಲ್ಲಿಯೂ ಇರುವುದಿಲ್ಲ. ಆದಾಯ ದುಡಿದವರದು, ಅವರ ಹೆಸರಿನಲ್ಲಿಯೇ ಬರಬೇಕು. ಬ್ಯಾಂಕಿನಲ್ಲಿ ಅವಳದೊಂದು ಉಳಿತಾಯ ಖಾತೆ ತೆರೆದು, ಹದಿನೆಂಟು ತುಂಬಿದ್ದರೆ ಆ ತಾಣದಲ್ಲಿ ಅವಳ ಹೆಸರನ್ನೇ ನೋಂದಾಯಿಸಿ, ಪ್ಯಾನ್ ಇಲ್ಲದಿದ್ದರೆ ಮಾಡಿಸಿಕೊಡಬೇಕು. ಆಧಾರ್ ಇದ್ದವರಿಗೆ ಇ-ಪ್ಯಾನ್ ಇಲಾಖೆಯ ತಾಣದಲ್ಲಿ ಉಚಿತವಾಗಿಯೇ ದೊರೆಯುತ್ತದೆ. ಅವಳ ಒಟ್ಟು ಆದಾಯ ಒಂಬತ್ತು ಸಾವಿರವೇ ಆಗಿದ್ದರೆ ತೆರಿಗೆಯೂ ಇಲ್ಲ, ವಿವರಪಟ್ಟಿಯೂ ಬೇಕಿಲ್ಲ. ವಹಿಯ ಕೊನೆಯ ಪುಟದಲ್ಲಿ ಅವಳ ಕೈಬರಹದಲ್ಲಿಯೇ ಆ ಲೆಕ್ಕ ಇರಲಿ.